ಗಾಳಿ ನುಸುಳದ ಪೈಪಿನ ಮನೆ

ನನ್ನ ತಮ್ಮ ನಲ್ಲಿ ರಿಪೇರಿಯವನು. ನನಗಿಂತ ಆರು ವರ್ಷ ಚಿಕ್ಕವನು. ಹದಿಮೂರನೇ ವಯಸ್ಸಿಗೆ ಒಬ್ಬ ಮೇಸ್ತ್ರಿಯ ಕೈಕೆಳಗೆ ಸೇರಿದ. ಆಮೇಲೆ ನಲವತ್ತೈದು ವರ್ಷ ಕಂಡವರ ಬಚ್ಚಲಲ್ಲಿ, ಟ್ಯಾಂಕಿನ ಕೆಳಗೆ, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಮಂಡಿಯೂರಿ ಬದುಕಿದ. ಕೆಲಸ ಕಲಿಯುವಾಗ ಅವನು ಹಾಕಿದ ಒಂದು ಜಾಯಿಂಟು ಸೋರಿತೆಂದು ಮೇಸ್ತ್ರಿ ಆ ಮನೆಯವರೆಲ್ಲರ ಎದುರು ಕೆನ್ನೆಗೆ ಬಾರಿಸಿದ್ದನಂತೆ. ಅಲ್ಲಿಂದೀಚೆಗೆ ಅವನ ಕೆಲಸದಲ್ಲಿ ಒಂದು ಹನಿ ಸೋರಿದ್ದಿಲ್ಲ. ಜಾಯಿಂಟಿಗೆ ಹಾಕುವ ಬಿಳಿ ಟೇಪು ಎರಡು ಸುತ್ತು ಸಾಕಾದಲ್ಲಿ ಆರು ಸುತ್ತು ಸುತ್ತುತ್ತಾನೆ. ಅದಕ್ಕೇ ಪಕ್ಕದ ಮನೆಯ ದರ್ಜಿ ಅವನನ್ನು ಟೇಪಣ್ಣ ಎಂದು ಕರೆಯುವುದು.

ಅವನು ಮದುವೆಯಾಗಲಿಲ್ಲ. ನನ್ನ ಯಜಮಾನರು ತೀರಿಕೊಂಡ ತಿಂಗಳಿಗೆ ಒಂದು ಚೀಲ ಸಾಮಾನು ಹೊತ್ತು ಬಂದು ನನ್ನ ಹಿಂದಿನ ಕೋಣೆಯಲ್ಲಿ ಉಳಿದುಕೊಂಡ. ನಾನು ಮುಂದಿನ ಕೋಣೆಯಲ್ಲಿ ಇಸ್ತ್ರಿ ಮಾಡುತ್ತೇನೆ. ಅತ್ತೆಯವರು ಮಾಡುತ್ತಿದ್ದ ಕೆಲಸ. ಕೆಂಡ ಹಾಕುವ ಇಸ್ತ್ರಿಪೆಟ್ಟಿಗೆ ಎರಡಿವೆ, ಒಂದು ಆರುವಷ್ಟರಲ್ಲಿ ಇನ್ನೊಂದು ಕಾದಿರುತ್ತದೆ.

ಎರಡು ವರ್ಷದ ಹಿಂದೆ ಅವನ ಮಂಡಿ ಕೈಕೊಟ್ಟಿತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಕೆಲಸ ಬಿಟ್ಟ. ಹಿತ್ತಿಲಲ್ಲಿ ಹಳೆಯ ಪ್ಲಾಸ್ಟಿಕ್ ಪೈಪುಗಳು ಬಿದ್ದಿದ್ದವು, ಅವುಗಳ ಪಕ್ಕ ಇವನೂ ಒಂದು ಪೈಪಿನ ಹಾಗೆ ಬಿದ್ದಿರುತ್ತಿದ್ದ. ಸಸಿ ಮಾರುವ ಹೆಂಗಸೊಬ್ಬಳು ಸೀರೆ ಇಸ್ತ್ರಿಗೆ ಕೊಡಲು ಬಂದವಳು, ಚಳಿಗಾಲದಲ್ಲಿ ಬದನೆ, ಮೆಣಸಿನ ಸಸಿ ಬೆಳೆಸಿ ಕೊಡುವವರಿದ್ದರೆ ಎಷ್ಟಿದ್ದರೂ ಒಯ್ಯುತ್ತೇನೆ ಎಂದಳು. ಮಾರನೆಯ ದಿನವೇ ಇವನು ಹಸಿರುಮನೆ ಕಟ್ಟುತ್ತೇನೆಂದು ಎದ್ದು ಕೂತ.

ನಾನು ಹೆದರುಪುಕ್ಕಲಿ. ಕಬ್ಬಿಣದ ಕಂಬಿಗಳನ್ನು ನೆಲಕ್ಕೆ ಹೊಡೆದು, ಆ ಕಂಬಿಗೆ ಪೈಪಿನ ಒಂದು ತುದಿ ತೂರಿಸಿ, ಬಿಲ್ಲಿನಂತೆ ಬಗ್ಗಿಸಿ ಇನ್ನೊಂದು ತುದಿಯನ್ನು ಎದುರಿನ ಕಂಬಿಗೆ ಇಳಿಸಬೇಕಿತ್ತು. ಬಗ್ಗಿಸುವಾಗ ಹಿಡಿದುಕೊಳ್ಳಲು ನಾನು.

"ಅಕ್ಕಾ, ಗಟ್ಟಿಯಾಗಿ ಹಿಡ್ಕೋ."

"ಸಿಡಿದು ಕಣ್ಣಿಗೆ ಬಡಿದ್ರೇನೋ ಗತಿ?"

"ಇನ್ನೊಂದು ಕಣ್ಣಿರುತ್ತಲ್ಲ. ಇಸ್ತ್ರಿಗೆ ಒಂದು ಸಾಕು."

ಹಾಗೆ ಏಳು ಬಿಲ್ಲು ನಿಂತವು. ನೆತ್ತಿಯ ಮೇಲೆ ಉದ್ದಕ್ಕೆ ಒಂದು ಪೈಪು ಕಟ್ಟಿದ. ಅದರ ಮೇಲೆ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಹೊದಿಸಿ, ಹಾಳೆಯ ಅಂಚನ್ನು ಸುತ್ತಲೂ ಮಣ್ಣಿನಲ್ಲಿ ಹೂತ. ಬಾಗಿಲಿಗೆ ಅವನದೇ ಯುಕ್ತಿ. ದೊಡ್ಡ ಪೈಪನ್ನು ಗೇಣುದ್ದದ ತುಂಡು ಮಾಡಿ, ಒಂದೊಂದನ್ನೂ ಉದ್ದಕ್ಕೆ ಸೀಳಿ, ಹಾಳೆಯನ್ನು ಚೌಕಟ್ಟಿನ ಪೈಪಿಗೆ ಕಚ್ಚಿಸುವ ಹಿಡಿಕೆ ಮಾಡಿದ. ಒಂದು ಬದಿಗೆ ಒಂಬತ್ತು, ಇನ್ನೊಂದು ಬದಿಗೆ ಒಂಬತ್ತು. ಒಳಗಿನಿಂದಲೂ ಹಾಕಬಹುದಿತ್ತು, ಹೊರಗಿನಿಂದಲೂ.

ದರ್ಜಿ ಕಾಂಪೌಂಡಿನ ಮೇಲೆ ಗದ್ದ ಇಟ್ಟು ನೋಡುತ್ತಿದ್ದ. "ಏನ್ ಟೇಪಣ್ಣ, ಅರಮನೆ ಎದ್ದಿದೆ. ರಾಣಿ ಎಲ್ಲಿ?"

"ನೀನು ಅವಳ ರವಿಕೆ ಹೊಲಿದು ಕೊಟ್ರೆ ಬರ್ತಾಳೆ."

"ನಾನು ಹೊಲಿದು ಕೊಡೋದಕ್ಕೆ ಕಾದ್ರೆ ಬ್ರಹ್ಮಚಾರಿಯಾಗೇ ಹೋಗ್ತೀಯ ಬಿಡು."

ಕಟ್ಟಿ ಮುಗಿದ ದಿನ ತಮ್ಮ ಮೇಣದಬತ್ತಿ ಹಚ್ಚಿ ಒಳಗೆ ಅಂಚಿನುದ್ದಕ್ಕೂ ಹಿಡಿದು ನಡೆದ. ಎಲ್ಲಿ ಜ್ವಾಲೆ ಅಲುಗಿತೋ ಅಲ್ಲಿ ಟೇಪು ಅಂಟಿಸಿದ. ಮೂರು ಸಲ ಸುತ್ತಿದ. "ಇರುವೆ ಉಸಿರು ಬಿಟ್ರೂ ಆಚೆ ಹೋಗಲ್ಲ ಅಕ್ಕ" ಎಂದ. ಹಸಿರುಮನೆಗೆ ಗಾಳಿಕಿಂಡಿ ಬೇಕೆಂದು ಅವನಿಗೆ ಯಾರು ಹೇಳಬೇಕು? ಅವನ ಕಸುಬಿನಲ್ಲಿ ಕಿಂಡಿ ಎಂದರೆ ತಪ್ಪು.

ಬಿರುಗಾಳಿಗೆ ಹಾರಿಹೋದೀತು, ಅವನ ಮೇಲೆ ಕುಸಿದೀತು, ಒಳಗೆ ಹಾವು ಸೇರೀತು ಎಂದೆಲ್ಲ ನಾನು ದಿನಾ ಹೆದರುತ್ತಿದ್ದೆ. ಹೆದರಿದ್ದು ಒಂದೂ ಆಗಲಿಲ್ಲ. ಹೆದರಬೇಕಾದದ್ದಕ್ಕೆ ಹೆದರಲಿಲ್ಲ.

ಒಳಗೆ ತಟ್ಟೆಗಳಲ್ಲಿ ಬಿತ್ತಿದ್ದ ಸಸಿ ನಾಲ್ಕೆಲೆ ಬಿಟ್ಟ ವಾರ ಚಳಿ ಬಿತ್ತು. ಒಂದು ಬೆಳಿಗ್ಗೆ ಎರಡು ತಟ್ಟೆ ಸಸಿಗಳು ಬೇಯಿಸಿದ ಸೊಪ್ಪಿನಂತೆ ಮಲಗಿದ್ದವು. ಸಂಜೆ ಒಂದು ಹಳೆಯ ಬಾಣಲೆ ಹಿಡಿದು ನನ್ನ ಮುಂದೆ ಬಂದು ನಿಂತ.

"ಅಕ್ಕಾ, ಉಳಿದ ಕೆಂಡಕ್ಕೆ ಹೇಗೂ ನೀರು ಸುರೀತೀಯ. ನನಗೆ ಕೊಡು."

ಕೊಟ್ಟೆ. ಅವತ್ತು ನಾಲ್ಕು ಕೆಂಡ ಇಟ್ಟು ಹೊರಗೆ ಬಂದ. ಸಸಿ ಉಳಿದವು. ಮೂರನೆಯ ಸಂಜೆ ಚಳಿ ಇನ್ನೂ ಹೆಚ್ಚಿತ್ತು. ನಾನೇ ಒಂದು ಪೆಟ್ಟಿಗೆಯ ಕೆಂಡವನ್ನೆಲ್ಲ, ಊದಿ ಕೆಂಪು ಮಾಡಿ, ಬಾಣಲೆಗೆ ಸುರಿದೆ. "ಇವತ್ತು ಒಳಗೇ ಕೂರ್ತೀನಿ, ಮಂಡಿಗೂ ಕಾವು ಸಿಗುತ್ತೆ" ಎಂದು ಹೋದ.

ನನಗೆ ಇನ್ನೂ ನಾಲ್ಕು ಅಂಗಿ ಉಳಿದಿದ್ದವು. ಮೂರು ಮುಗಿಸಿದೆ. ಕಿಟಕಿಯಿಂದ ಕತ್ತಿನ ಹಿಂದೆ ತಣ್ಣನೆಯ ಗಾಳಿ ಕೊರೆಯುತ್ತಿತ್ತು, ಮುಚ್ಚೋಣವೆಂದು ಚಿಲಕಕ್ಕೆ ಕೈ ಹಾಕಿದೆ. ಕೈ ಅಲ್ಲೇ ನಿಂತಿತು.

ಅತ್ತೆಯವರು ಕಲಿಸಿದ ಮೊದಲ ಪಾಠ ಅದು. ಕೆಂಡ ಇರುವ ಕೋಣೆಯಲ್ಲಿ ಎರಡು ಕಿಟಕಿ ತೆರೆದಿರಬೇಕು. ಮಳೆ ಒಳಗೆ ಎರಚಲಿ, ಚಳಿಗೆ ಹಲ್ಲು ಕಟಕಟಿಸಲಿ, ಮುಚ್ಚಬಾರದು. ಮುಚ್ಚಿದರೆ ಕೆಂಡ ಮೊದಲು ತಲೆ ಹಿಡಿಯುತ್ತದೆ, ಆಮೇಲೆ ಆಳನ್ನೇ ಹಿಡಿಯುತ್ತದೆ ಎನ್ನುತ್ತಿದ್ದರು. ನಲವತ್ತು ವರ್ಷ ಪಾಲಿಸಿದ್ದೇನೆ. ಆದರೆ ಅದು ಕೋಣೆಯ ಮಾತು. ತಮ್ಮ ಕಟ್ಟಿದ್ದು ಹಿತ್ತಿಲಲ್ಲಿ, ಹಾಳೆಯ ಆಚೆ ಆಕಾಶ ಕಾಣುತ್ತಿತ್ತು. ನನ್ನ ಲೆಕ್ಕದಲ್ಲಿ ಅದು ಹೊರಗು.

ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು ಓಡಿದೆ.

ಹಾಳೆಯ ಒಳಮೈಗೆಲ್ಲ ಆವಿ ಕಟ್ಟಿತ್ತು. ಅವನ ನೀಲಿ ಅಂಗಿ ಮಾತ್ರ ಮಸುಕಾಗಿ ಕಂಡಿತು, ಕೆಳಗೆ, ಒಂದು ಕಡೆ ವಾಲಿಕೊಂಡು. ಕರೆದೆ. ಉತ್ತರವಿಲ್ಲ. ಕೈ ಕೆಲಸದಲ್ಲಿದ್ದರೆ ಅವನು ಎಂದೂ ಓಗೊಡುವವನಲ್ಲ, ಅದಕ್ಕೆ ಇನ್ನೊಮ್ಮೆ ಕರೆದೆ. ಹಾಳೆಗೆ ಗುದ್ದಿದೆ. ಬಡಿದ ಸದ್ದೂ ಬರಲಿಲ್ಲ, ದಿಂಬಿಗೆ ಗುದ್ದಿದ ಹಾಗೆ. ಹಿಡಿಕೆ ಕೀಳತೊಡಗಿದೆ. ಒಂದು ಬಂತು. ಎರಡು. ಮೂರನೆಯದಕ್ಕೆ ಉಗುರು ಕಿತ್ತು ಬಂತು, ಹಿಡಿಕೆ ಬರಲಿಲ್ಲ. ಇನ್ನೂ ಹದಿನಾರಿವೆ ಎಂದು ತಲೆ ತಾನಾಗಿ ಎಣಿಸಿತು.

ಪೈಪು ಕೊಯ್ಯುವ ಬ್ಲೇಡು ಮೆಟ್ಟಿಲ ಮೇಲಿತ್ತು, ಹಿಡಿಯಲು ಬಟ್ಟೆ ಸುತ್ತಿದ್ದು. ತಂದು ಹಾಳೆಗೆ ಚುಚ್ಚಿ ಕೆಳಗಿನವರೆಗೆ ಎಳೆದೆ. ಬಿಸಿ ಗಾಳಿ ಮುಖಕ್ಕೆ ರಾಚಿತು. ಹೊಗೆಯಿಲ್ಲ, ವಾಸನೆಯೂ ಇಲ್ಲ. ಉಸಿರು ಬಿಗಿಹಿಡಿದು ನುಗ್ಗಿ ಅವನ ಎರಡು ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಎಳೆದೆ. ಮುಖ ಬಿಳಿಚಿರಲಿಲ್ಲ, ಕೆಂಪಗಿತ್ತು. ತುಟಿ ಅರ್ಧ ತೆರೆದಿತ್ತು. ಹೊರಗೆ ಮಣ್ಣಿನ ಮೇಲೆ ಮಲಗಿಸಿ ಮೂಗಿನ ಹತ್ತಿರ ಬೆರಳು ಹಿಡಿದೆ. ಬೀಸುವ ಚಳಿಗಾಳಿಯಲ್ಲಿ ಉಸಿರು ಗೊತ್ತಾಗುವುದು ಹೇಗೆ?

ನನ್ನ ಕೂಗಿಗೆ ದರ್ಜಿ ಕಾಂಪೌಂಡು ಹಾರಿ ಬಂದ. "ಟೇಪಣ್ಣಾ! ಲೇ, ಕಣ್ಣು ಬಿಡೋ! ಅಮ್ಮಾ, ಉಸಿರಿದೆ, ಇದೆ, ನೀವು ಕಾಲು ಹಿಡೀರಿ." ದರ್ಜಿ ಹೊಲಿಗೆಯ ಬಟ್ಟೆ ಸಾಗಿಸುವ ಗೂಡ್ಸ್ ಆಟೋದಲ್ಲಿ ತಮ್ಮನನ್ನು ಗಂಟುಗಳ ಮೇಲೆ ಮಲಗಿಸಿ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವನ ಎದೆಯ ಮೇಲೆ ಅಂಗೈ ಇಟ್ಟುಕೊಂಡಿದ್ದೆ. ಆಟೋ ಕುಲುಕಿದಾಗಲೆಲ್ಲ ಎದೆ ಆಡುತ್ತಿದೆಯೋ, ಗಾಡಿಯೇ ಆಡಿಸುತ್ತಿದೆಯೋ ತಿಳಿಯದೆ ಸಾಯುತ್ತಿದ್ದೆ.

ಮುಖಕ್ಕೆ ಗಾಳಿಯ ಮುಸುಕು ಹಾಕಿ ಎರಡು ದಿನ ಇಟ್ಟುಕೊಂಡರು. ಎಚ್ಚರಾದವನು ಡಾಕ್ಟರಿಗೆ ಹೇಳಿದ ಮೊದಲ ಮಾತು, "ಎಲ್ಲೂ ಸೋರ್ತಿರಲಿಲ್ಲ ಸಾರ್, ನೋಡಿದೀನಿ."

"ಸೋರಿದ್ರೆ ಇಲ್ಲಿಗೆ ಬರ್ತಿರಲಿಲ್ಲ" ಎಂದರು ಡಾಕ್ಟರು.

ಮನೆಗೆ ಬಂದ ದಿನ ಮೆಟ್ಟಿಲ ಮೇಲೆ ಅವನ ಪಕ್ಕ ಕೂತು ಅತ್ತೆಯವರ ಎರಡು ಕಿಟಕಿಯ ಮಾತನ್ನು ಹೇಳಿದೆ. ಹೇಳದೆ ಇದ್ದರೆ ನಡೆಯುತ್ತಿತ್ತು, ಅವನಿಗೆ ಗೊತ್ತಾಗುತ್ತಿರಲಿಲ್ಲ. "ನನಗೆ ತಿಳಿದಿತ್ತು ಕಣೋ. ತಿಳಿದೂ ಕೆಂಡ ಊದಿ ಕೊಟ್ಟೆ." ಅವನು ಚೀಲ ಹೊತ್ತು ಹೊರಟುಬಿಟ್ಟರೆ ಎಂದು ಹೆದರಿ ಅವನ ಮುಖ ನೋಡಲಿಲ್ಲ.

ಅವನು ಮಂಡಿ ನೀವಿಕೊಳ್ಳುತ್ತ ಹೇಳಿದ, "ನೀನು ಕೆಂಡ ಚೆನ್ನಾಗಿ ಮಾಡಿ ಕೊಟ್ಟೆ. ನಾನು ಮನೆ ಚೆನ್ನಾಗಿ ಮುಚ್ಚಿದೆ. ಇಬ್ರೂ ನಮ್ಮ ನಮ್ಮ ಕೆಲಸ ಸರಿಯಾಗೇ ಮಾಡಿದ್ವಿ ಬಿಡಕ್ಕ."

ನಾನು ನಗಲಿಲ್ಲ. ಅವನು ಗೋಡೆ ಹಿಡಿದು ಎದ್ದ. ಸಸಿ ನೋಡಿ ಬರಬೇಕೆಂದ. ಹಾಳೆ ನಾನು ಕೊಯ್ದಲ್ಲಿ ಸೊಟ್ಟಗೆ ಬಾಯಿಬಿಟ್ಟುಕೊಂಡು ಗಾಳಿಗೆ ಪಟಪಟಿಸುತ್ತಿತ್ತು. ಆದರೂ ಅವನ ಅಂಗಿ ಹಿಡಿದುಕೊಂಡೆ.

"ಬಿಡು ಅಕ್ಕ. ಒಳಗೀಗ ಆನೆ ಉಸಿರಾಡುವಷ್ಟು ಗಾಳಿ ಇದೆ."

"ಹೋಗು. ಆದ್ರೆ ಮಾತಾಡ್ತಾ ಇರು."

"ಏನಂತ ಮಾತಾಡ್ಲಿ?"

"ಏನಾದ್ರೂ ಹೇಳು. ನನಗೆ ಕೇಳಿಸ್ತಾ ಇರಬೇಕು."

ಬೈದುಕೊಳ್ಳುತ್ತಲೇ ಬಗ್ಗಿ ಒಳಗೆ ಹೋದ. ನಾನು ಹೊರಗೆ ನಿಂತೆ. ಒಳಗಿನಿಂದ ಅವನ ದನಿ ಬರತೊಡಗಿತು, "ಇದು ಬದನೆ. ಸತ್ತಿದೆ. ಇದೂ ಬದನೆ. ಸತ್ತಿದೆ. ಇದು ಮೆಣಸು, ಬದುಕಿದೆ. ಇದು ಬದುಕಿದೆ. ಅಕ್ಕಾ, ಕೇಳಿಸ್ತಾ?"

"ಹೂಂ. ಮುಂದಿಂದು ಹೇಳು" ಎಂದೆ.