ಡಬ್ಬಿಯಲ್ಲಿದ್ದ ಚಿಲಕ

ರಾಣೆಬೆನ್ನೂರಿನ ಮನೆಯಲ್ಲಿ ಗಂಡ ಒಳಗಿನಿಂದ ಚಿಲಕ ಹಾಕಿಕೊಂಡು ಶೀಲಾಳನ್ನು ಹೊಡೆದು ಕೊಂದಾಗ, ಎಂಟು ವರ್ಷದ ಮಗಳು ಭೂಮಿಕಾ ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದಳು. ಅವನು ಜೈಲಿಗೆ ಹೋದ. ಹುಡುಗಿ ಬ್ಯಾಡಗಿಗೆ, ತಾಯಿಯ ತಾಯಿ ಉಚ್ಚಂಗೆವ್ವನ ಮನೆಗೆ ಬಂದಳು.

ಮೊದಲ ದಿನ ಉಚ್ಚಂಗೆವ್ವ ಬಚ್ಚಲಿಗೆ ಹೋಗಿ ಚಿಲಕ ಹಾಕಿದಳು. ಎರಡು ತಂಬಿಗೆ ನೀರು ಸುರಿದುಕೊಳ್ಳುವಷ್ಟರಲ್ಲಿ ಭೂಮಿಕಾ ಬಾಗಿಲು ಬಡಿಯತೊಡಗಿದಳು. ಅಂಗೈ ಕೆಂಪಾದರೂ ನಿಲ್ಲಿಸಲಿಲ್ಲ. ಮಾರನೆಯ ದಿನ, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುವ ಮೊದಲು, ಉಚ್ಚಂಗೆವ್ವ ಮನೆಯೊಳಗಿನ ಚಿಲಕಗಳನ್ನೆಲ್ಲ ಬಿಚ್ಚಿ ಡಬ್ಬಿಯಲ್ಲಿಟ್ಟಳು.

ಅಂದಿನಿಂದ ಬಚ್ಚಲಲ್ಲಿದ್ದವರು ಹುಡುಗಿಗೆ ಕೇಳುವಂತೆ ಹಾಡಬೇಕಾಯಿತು. ಉಚ್ಚಂಗೆವ್ವನ ತಮ್ಮ ಮೈಲಪ್ಪನಿಗೆ ಹಾಡು ಬಾರದು. ಬಂದಾಗಲೆಲ್ಲ ಕಂಡಕ್ಟರನಂತೆ "ಮೋಟೆಬೆನ್ನೂರ, ಹಾವೇರಿ" ಎಂದು ಕೂಗುತ್ತಿದ್ದ.

"ಅಕ್ಕಾ, ನಿಮ್ಮನ್ಯಾಗ ಜಳಕಾ ಮಾಡೂದಂದ್ರ ಸಂತ್ಯಾಗ ಕುಂತಂಗ ಆಗತೈತಿ."

"ಹಂಗಾರ ಮೈ ತೊಳೀದನ ಊರಿಗೆ ಹೋಗು."

ನಾಲ್ಕು ವರ್ಷ ಹೀಗೇ ನಡೆಯಿತು. ಈ ಯುಗಾದಿಯ ಮರುದಿನ ಭೂಮಿಕಾ ಟವೆಲ್ ಹಿಡಿದು ನಿಂತು, "ಆಯಿ, ಬಚ್ಚಲಕ್ಕ ಚಿಲಕ ಹಾಕು. ನಾ ಈಗ ದೊಡ್ಡಾಕಿ ಆಗೇನಿ" ಎಂದಳು.

ಸ್ಕ್ರೂಗಳಿಗೆ ತುಕ್ಕು ಹಿಡಿದಿತ್ತು. ಉಚ್ಚಂಗೆವ್ವ ಕೊಬ್ಬರಿ ಎಣ್ಣೆ ಹಚ್ಚಿ ಕೂರಿಸಿದಳು. ಹುಡುಗಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಉಚ್ಚಂಗೆವ್ವ ಹೊರಗೇ ನಿಂತು, ಬಾಗಿಲು ಬಡಿಯದಂತೆ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಹಾಡವಾ, ಭೂಮಿ."

"ಹಾಡಂಗಿಲ್ಲ. ನೀ ಕೂಲಿಗೆ ನಡಿ, ಹೊತ್ತಾತು."

ಉಚ್ಚಂಗೆವ್ವ ಅಂದು ಕೂಲಿಗೆ ತಡವಾಗಿ ಹೋದಳು.