ಬೆಂಕಿ ಡ್ರಿಲ್ಲಿನಲ್ಲಿ ಬೋಂಡ ತಿಂದ ಗಂಗಕ್ಕ

ಯಾವ ಕಟ್ಟಡದ ಮುಂದೆ ನಿಂತರೂ ಗಂಗಕ್ಕ ಮೊದಲು ಬೋರ್ಡು ಓದುತ್ತಿರಲಿಲ್ಲ, ಮೆಟ್ಟಿಲು ಎಣಿಸುತ್ತಿದ್ದರು. ಕೊರಟಗೆರೆ ಕಡೆಯ ಕೊಳಾಲದಲ್ಲಿ ಬಟ್ಟೆ ಹೊಲಿಯುತ್ತಿದ್ದ ಅವರಿಗೆ ಪೋಲಿಯೊದಿಂದ ಎರಡು ಕಾಲಿಗೂ ಬಲವಿರಲಿಲ್ಲ. ಮೂರು ಚಕ್ರದ ಸ್ಕೂಟರಿನಲ್ಲಿ ಬರುವಾಗ ಹಾರನ್ನಿಗಿಂತ ಮೊದಲು ಅವರ ಬಾಯಿ ಕೇಳಿಸುತ್ತಿತ್ತು.

ಬೆಂಕಿ, ನೆರೆ ಬಂದಾಗ ಒಬ್ಬರಿಗೊಬ್ಬರು ಆಗಲೆಂದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರನ್ನು ಸೇರಿಸಿ ಸ್ವಯಂಸೇವಕರ ತಂಡವೊಂದನ್ನು ಕಟ್ಟಲಾಗಿತ್ತು. ತರಬೇತಿ ಕೊಡುವವನು ನಾನು. ಅಂಗವಿಕಲರ ಪರವಾಗಿ ಗಂಗಕ್ಕ ಸದಸ್ಯೆ. ಮೊದಲ ಸಭೆ ಮಧುಗಿರಿಯಲ್ಲಿ, ಮಹಡಿಯ ಮೇಲೆ. ಅವರ ತಮ್ಮ ಎತ್ತಿಕೊಂಡು ಬಂದು ಕೂರಿಸಿ ಹೋಗಿದ್ದ. ಬೋಂಡ ಹಂಚುತ್ತಿದ್ದಾಗ ನಾನು ಅಣಕು ಸೈರನ್ ಕೂಗಿಸಿದೆ. ಎರಡೇ ನಿಮಿಷದಲ್ಲಿ ಎಲ್ಲರೂ ಅಂಗಳದಲ್ಲಿದ್ದರು. ಚಪ್ಪಾಳೆಯೂ ಆಯಿತು. ಎಣಿಸಿದರೆ ಒಬ್ಬರು ಕಡಿಮೆ.

ಮೇಲಕ್ಕೆ ಓಡಿದೆ. ಗಂಗಕ್ಕ ಕೂತಲ್ಲೇ ಕೂತು ನನ್ನ ತಟ್ಟೆಯ ಬೋಂಡ ತಿನ್ನುತ್ತಿದ್ದರು.

"ನಾನ್ ಸತ್ತೋಗಿ ಐದ್ ನಿಮ್ಷ ಆಯ್ತು ಕಣೋ ರಾಜಣ್ಣ. ತಿಥಿ ಊಟಾನೂ ನಾನೇ ಮಾಡ್ಬುಟ್ಟೆ."

ಮುಂದಿನ ತಿಂಗಳು ಅವರನ್ನೇ ಕುರ್ಚಿಸಮೇತ ಇಳಿಸುವ ಅಭ್ಯಾಸ. ಅರ್ಧದಷ್ಟು ಮೆಟ್ಟಿಲು ಇಳಿಯುವಷ್ಟರಲ್ಲಿ ಕೈ ಸೋತು, ಪಾವಗಡದ ನರಸಿಂಹಲು ತೆಲುಗಿನಲ್ಲಿ "ದಿಂಪು, ದಿಂಪು!" ಎಂದು ಕೂಗಿದ. ಕೆಳಗಿಳಿಸು ಎಂದು ಅವನ ಅರ್ಥ. ಶಿರಾದ ಬಾಷಾನಿಗೆ ಅದು ದಿಂಬು ಎಂದು ಕೇಳಿಸಿತು. ಕುರ್ಚಿ ಬಿಟ್ಟು ದಿಂಬು ತರಲು ಓಡಿದ! ಕುರ್ಚಿ ವಾಲಿತು. ಗಂಗಕ್ಕ ನನ್ನ ಕಾಲರ್ ಹಿಡಿದು ನೇತಾಡುತ್ತಲೇ ತೀರ್ಪು ಕೊಟ್ಟರು:

"ಎತ್ತು, ನಿಲ್ಲು, ಇಳ್ಸು. ಮೂರೇ ಮಾತು, ನಾಕೂ ತಾಲ್ಲೂಕಿಗೆ. ನಾಕ್ನೇದು ಆಡ್ದೋರ್ನ ನಾನೇ ತಳ್ಬುಡ್ತೀನಿ!"

ಆಮೇಲೆ ಊರೂರು ಸುತ್ತಿ, ನಡೆಯಲಾರದವರ, ಕಣ್ಣು ಕಾಣದವರ ಪಟ್ಟಿ ಬರೆದರು. ಒಂದು ಮಳೆಗಾಲ ಶಿರಾ ಕಡೆ ಕೆರೆ ಕೋಡಿ ಬಿದ್ದು ಬೀದಿಯೊಂದಕ್ಕೆ ನೀರು ನುಗ್ಗಿತು. ನಾಲ್ಕೂ ತಾಲ್ಲೂಕಿನಿಂದ ಓಡಿದೆವು. ಗಂಗಕ್ಕ ಪಟ್ಟಿ ಹಿಡಿದು ಫೋನಿನಲ್ಲಿ ಒಂದೊಂದೇ ಮನೆ ತೋರಿಸಿದರು. ಹಾಸಿಗೆ ಹಿಡಿದಿದ್ದ ಅಜ್ಜನೊಬ್ಬ "ಮೊದ್ಲು ನನ್ ಮೇಕೆ" ಎಂದು ಹಟ ಹಿಡಿದಾಗ ಫೋನಿನಲ್ಲೇ ಅಬ್ಬರಿಸಿದರು:

"ಮೇಕೆಗೆ ನಾಕ್ ಕಾಲವೆ ತಾತ, ಅದ್ ಬತ್ತದೆ. ನೀನ್ ಕುರ್ಚಿ ಹತ್ತು!"

ಪಟ್ಟಿಯಲ್ಲಿದ್ದ ಒಬ್ಬರನ್ನೂ ಅಂದು ನೀರಿನಲ್ಲಿ ಬಿಟ್ಟು ಬರಲಿಲ್ಲ. ಮೇಕೆಯೂ ಬಂತು.

ಅವರನ್ನು ಕೊನೆಯ ಸಲ ಕಂಡದ್ದು ಆಸ್ಪತ್ರೆಯಲ್ಲಿ. ನ್ಯುಮೋನಿಯಾ, ಉಸಿರಿಗೆ ಕಷ್ಟಪಡುತ್ತಿದ್ದರು. ಪಟ್ಟಿಯ ಪುಸ್ತಕವನ್ನು ನನ್ನ ಕೈಗಿಟ್ಟರು. ತೆರೆದರೆ ಮಧುಗಿರಿಯ ಪುಟದಲ್ಲಿ, ಸೊಂಟ ಮುರಿದು ಎರಡು ವರ್ಷದಿಂದ ಮಲಗಿರುವ ನನ್ನ ಅವ್ವನ ಹೆಸರು. ತರಬೇತಿ ಕೊಡುವ ನಾನೇ ಅದನ್ನು ಬರೆಸಿರಲಿಲ್ಲ.

"ಊರ್ನೆಲ್ಲ ಉಳ್ಸೋಕೋದೋನು ಮನೇಲಿರೋಳ್ನ ಮರ್ತಿದ್ದೆ ಕಣಪ್ಪ" ಎಂದರು.

ಆ ವಾರವೇ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಸಂಜೆ, ಪಕ್ಕದ ಮನೆಯವರನ್ನು ಕರೆದು, ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ ಹೊರಗೆ ತಂದೆವು. ಎರಡು ವರ್ಷದ ಮೇಲೆ ಬೀದಿ ಕಂಡ ಅವ್ವ ಗಾಬರಿಯಿಂದ ಅತ್ತಿತ್ತ ನೋಡಿದಳು.

"ಬೆಂಕಿ ಎಲ್ಲಿ ಬಿದ್ದಿರೋದ್ಲಾ?"

"ಎಲ್ಲೂ ಇಲ್ಲ ಕಣವ್ವ."

"ಅಂಗಾರೆ ಇನ್ನೊಸಿ ಹೊತ್ತು ಇಲ್ಲೇ ಕೂತಿರ್ತೀನಿ ಬುಡು."