ನಿಂತ ಗಾಡಿಯ ವೇಗ

ಮೀಟರ್ ಕಾಕನ ಬಲಗಣ್ಣಿನ ಸುತ್ತ ಉಂಗುರದಂಥ ಕಪ್ಪು ಕಲೆಯಿತ್ತು. ವಾಚು ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಮೂವತ್ತು ವರ್ಷ ಒತ್ತಿ ಹಿಡಿದದ್ದರ ಗುರುತು ಅದು. ಮೊದಲು ವಾಚು, ಆಮೇಲೆ ಗಾಡಿಗಳ ಸ್ಪೀಡೋಮೀಟರು. ಮೆಲ್ಕಾರಿನ ಅವರ ಗೂಡಂಗಡಿಯಲ್ಲಿ ಇಬ್ಬರು ಕೂತರೆ ಮೂರನೆಯವನು ರಸ್ತೆಯಲ್ಲಿ ನಿಲ್ಲಬೇಕಿತ್ತು.

ತೊಂಬತ್ತರ ದಶಕದಲ್ಲಿ ನಾನು ಹತ್ತಾರು ಗಾಡಿಗಳಿದ್ದ ಮೂಡಬಿದಿರೆಯ ಧಣಿಯೊಬ್ಬರ ಟೂರಿಸ್ಟ್ ವ್ಯಾನ್ ಓಡಿಸಲು ಸೇರಿದೆ. ಮೀಟರಿನ ಕೇಬಲ್ ತುಂಡಾದರೆ ಕಾಕನೇ ಗತಿ. ಅವರಿಗೆ ಗಿರಾಕಿಯ ಮುಲಾಜು ಇರಲಿಲ್ಲ. ಪ್ಯಾಸೆಂಜರು ಹೆದರುತ್ತಾರೆ, ಮುಳ್ಳು ಸ್ವಲ್ಪ ಕೆಳಗೇ ನಿಲ್ಲುವಂತೆ ಮಾಡಿಕೊಡಿ ಎಂದ ಬಸ್ಸಿನವನೊಬ್ಬನನ್ನು ಮೀಟರಿನ ಸಮೇತ ಹೊರಗೆ ಕಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. "ಮೀಟರ್ ಎರಡು ಹೆಚ್ಚು ಹೇಳಬಹುದು ಮಾರಾಯ, ಕಡಿಮೆ ಹೇಳಬಾರದು. ಕಡಿಮೆ ಹೇಳುವ ಮೀಟರ್ ಕೊಲ್ತದೆ" ಎನ್ನುತ್ತಿದ್ದರು. ರಿಪೇರಿ ಮುಗಿದ ಮೇಲೆ ಮಾಣಿಯವರೆಗೆ ಒಂದು ಸುತ್ತು ಕಡ್ಡಾಯ. ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಎಂದು ಕೈಗಡಿಯಾರ ನೋಡಿ ಎಣಿಸುವರು.

ಎರಡು ಸಾವಿರದ ಇಸವಿಯ ಈಚೆಗೆ ಧಣಿಯ ಭಾವ ದುಬೈಯಿಂದ ಜಿಪಿಎಸ್ ಡಬ್ಬಿಯೊಂದನ್ನು ತಂದರು. ಆಕಾಶದ ಉಪಗ್ರಹ ನೋಡಿ ವೇಗ ಹೇಳುವ ಡಬ್ಬಿ. ಚಿಕ್ಕಮಗಳೂರಿನ ಟ್ರಿಪ್ಪಿಗೆ ಅದನ್ನು ನನ್ನ ವ್ಯಾನಿನಲ್ಲಿಟ್ಟರು. ವಾಪಸು ಬಂದಾಗ ಚಾರ್ಮಾಡಿ ಘಾಟಿಯಲ್ಲಿ ನಾನು ನೂರ ಹನ್ನೆರಡರಲ್ಲಿ ಓಡಿಸಿದ್ದೇನೆಂದು ಡಬ್ಬಿ ಬರೆದಿಟ್ಟಿತ್ತು. ಆ ತಿರುವುಗಳಲ್ಲಿ ನೂರ ಹನ್ನೆರಡರಲ್ಲಿ ಹೋದವನು ನಿಮ್ಮೆದುರು ಬಂದು ನಿಲ್ಲುತ್ತಾನೆಯೇ ಎಂದು ಕೇಳಿದ್ದೇ ತಪ್ಪಾಯಿತು. ಎದುರುತ್ತರ ಕೊಡುತ್ತೀಯಾ ಎಂದು ಧಣಿ ಕೀ ಕಸಿದುಕೊಂಡರು. ಅತಿವೇಗದ ಕಾರಣಕ್ಕೆ ಕೆಲಸ ಹೋದವನಿಗೆ ಮೂಡಬಿದಿರೆಯಿಂದ ಬಂಟ್ವಾಳದವರೆಗೆ ಯಾರೂ ಸ್ಟಿಯರಿಂಗ್ ಕೊಡುವುದಿಲ್ಲ.

ಸಂಗತಿ ಕೇಳಿದ ಕಾಕ ಅಂಗಡಿಗೆ ಬೀಗ ಹಾಕಿದರು. ನನ್ನ ಜೊತೆಗೇ ಬಸ್ಸಿನಲ್ಲಿ ಮೂಡಬಿದಿರೆಗೆ ಬಂದು, ಡಬ್ಬಿ ಹಿಡಿದು ಭಾವನನ್ನೂ ಕರೆದುಕೊಂಡು ಘಾಟಿಗೆ ಬನ್ನಿ ಎಂದು ಧಣಿಯನ್ನು ಕರೆದರು. ಸ್ಕ್ರೂ ಬಿಚ್ಚುವವನಿಗೆ ಉಪಗ್ರಹದ ವಿಷಯ ಏನು ಗೊತ್ತು ಎಂದು ಧಣಿ ನಕ್ಕರು.

"ಗೊತ್ತಿಲ್ಲ. ಅದಕ್ಕೇ ನೋಡುವ ಅಂತ ಬಂದದ್ದು" ಎಂದರು ಕಾಕ.

ಮರುದಿನ ಬೆಳಿಗ್ಗೆ ಅದೇ ವ್ಯಾನಿನಲ್ಲಿ ನಾಲ್ವರೂ ಹೋದೆವು, ಓಡಿಸಿದ್ದು ನಾನೇ. ಬಂಡೆ ರಸ್ತೆಯ ಮೇಲೆಯೇ ಬಾಗಿದ ತಿರುವೊಂದರಲ್ಲಿ ಕಾಕ ವ್ಯಾನ್ ನಿಲ್ಲಿಸಲು, ಎಂಜಿನ್ ಆರಿಸಲು ಹೇಳಿ, ನನ್ನಿಂದ ಕೀ ತೆಗೆದುಕೊಂಡರು. ಎಲ್ಲರೂ ಡಬ್ಬಿಯನ್ನೇ ನೋಡುತ್ತಾ ಕೂತೆವು. ಸ್ವಲ್ಪ ಹೊತ್ತು ಸೊನ್ನೆ. ಆಮೇಲೆ ಮೂರು. ಆಮೇಲೆ ಏಳು.

"ಕೀ ನನ್ನ ಕೈಯಲ್ಲುಂಟು ಧಣಿಗಳೇ. ಈಗ ಏಳರಲ್ಲಿ ಓಡಿಸುವುದು ಯಾರು?"

ಬಂಡೆಗೂ ಮರಕ್ಕೂ ಆಕಾಶ ಮರೆಯಾದರೆ ಡಬ್ಬಿಗೆ ತಾನೆಲ್ಲಿದ್ದೇನೆ ಎಂಬುದೇ ತಪ್ಪುತ್ತದೆ, ತಪ್ಪಿದ ಜಾಗದಿಂದ ಸರಿಯಾದ ಜಾಗಕ್ಕೆ ಹಾರಿದ್ದನ್ನೂ ವೇಗವೆಂದೇ ಬರೆಯುತ್ತದೆ ಎಂದು ಭಾವನೇ ಒಪ್ಪಿಕೊಂಡರು. ಧಣಿಯ ಮುಖ ಕೆಂಪಾಯಿತು.

ಕಾಕ ಅಲ್ಲಿಗೆ ಬಿಡಲಿಲ್ಲ. ಘಾಟಿಯಿಳಿದು ಬಯಲಿನ ನೇರ ರಸ್ತೆಗೆ ಬಂದಾಗ ಅರುವತ್ತರಲ್ಲಿ ಹಿಡಿ ಎಂದರು. ಮುಳ್ಳು ಅರುವತ್ತರಲ್ಲಿತ್ತು. ಕಲ್ಲಿನಿಂದ ಕಲ್ಲಿಗೆ ಅರುವತ್ತಮೂರು ಸೆಕೆಂಡು, ಅಂದರೆ ಐವತ್ತೇಳು. ಡಬ್ಬಿಯಲ್ಲೂ ಐವತ್ತೇಳು. ಗೆದ್ದಾಗಿದೆ, ಇದನ್ನು ಹೇಳಬೇಡಿ ಕಾಕ ಎಂದು ನನ್ನ ಮನಸ್ಸು ಬೇಡುತ್ತಿತ್ತು. ಅವರು ಹೇಳಿಯೇ ಬಿಟ್ಟರು. "ಇಲ್ಲಿ ಡಬ್ಬಿಯೇ ಸರಿ. ನಾನು ಕಟ್ಟಿದ ಮೀಟರ್ ಮೂರು ಹೆಚ್ಚು ತೋರಿಸ್ತದೆ."

ಧಣಿ ನನ್ನ ಮುಖ ನೋಡದೆ ಕೀ ವಾಪಸು ಕೊಟ್ಟರು. ಇನ್ನು ಮುಂದೆ ಗಾಡಿಗಳ ರಿಪೇರಿಯೆಲ್ಲ ಮಂಗಳೂರಿನಲ್ಲಿ ಎಂದು ಆ ವಾರವೇ ಹೇಳಿದರು. ಈಗ ಬರುವುದೆಲ್ಲ ಹೊಸ ಗಾಡಿ, ಹೊಸ ಮೀಟರು, ಅದಕ್ಕಿರಬೇಕು ಎಂದು ನಾನು ದಡ್ಡನ ಹಾಗೆ ನಂಬಿದೆ. ಮೆಲ್ಕಾರಿನಲ್ಲಿ ನಿಲ್ಲಿಸಿ ಕಾಕನ ಜೊತೆ ಚಹಾ ಕುಡಿಯುವುದನ್ನು ಮಾತ್ರ ಬಿಡಲಿಲ್ಲ. ಗಾಡಿಗಳು ಬರದಾದ ಬಗ್ಗೆ ಅವರೂ ಒಂದು ಮಾತು ಆಡಲಿಲ್ಲ.

ನಾಲ್ಕು ವರ್ಷದ ಮೇಲೆ ಕಾಕ ತೀರಿಕೊಂಡರು. ಪಾಣೆಮಂಗಳೂರಿನ ಮನೆಗೆ ಹೋದಾಗ ಅವರ ಮಗ ಹೇಳಿದ ಮೇಲೆಯೇ ನನಗೆ ನಿಜ ಸಂಗತಿ ಗೊತ್ತಾದದ್ದು. ಘಾಟಿಯಲ್ಲಿ ತನ್ನದೇ ತಪ್ಪಾಯಿತು ಎಂದು ಕಾಕ ಭಾವನ ಎದುರು ಒಂದು ಮಾತು ಹೇಳಲಿ, ಗಾಡಿಗಳೆಲ್ಲ ಮೊದಲಿನಂತೆ ಬರುತ್ತವೆ ಎಂದು ಧಣಿ ಆಗಲೇ ಹೇಳಿಕಳಿಸಿದ್ದರಂತೆ. ಕಾಕನ ಅರ್ಧ ಕೆಲಸ ಆ ಗಾಡಿಗಳದ್ದೇ. ಆದರೂ ಅವರು ಕೊಟ್ಟ ಉತ್ತರ ಒಂದೇ: "ನಿಂತ ಗಾಡಿ ಓಡಿತು ಅಂತ ನಾನು ಹೇಳುವುದಿಲ್ಲ."

ಮರುದಿನ ಬೆಳಿಗ್ಗೆ ಧಣಿಯ ಮೇಜಿನ ಮೇಲೆ ನಾನೇ ಕೀ ಇಟ್ಟೆ. ಏನಿದು ಎಂದರು.

"ಗಾಡಿ ಅಂಗಳದಲ್ಲಿ ನಿಂತಿದೆ" ಎಂದೆ. "ಬೇಕಾದರೆ ಡಬ್ಬಿ ಇಟ್ಟು ನೋಡಿ."